ಡೊಳ್ಳಿನೊಳಗಿನ ಗಾಳಿ

ಇಲ್ಲ ಕಾಕಾ, ನನ್ನ ಹತ್ರ ಏನೂ ಇಲ್ಲ. ನೋಡ್ರಿ ಈ ಕಿಸೆ. ಆ ಕಡೆ ಕಿಸೆನೂ ನೋಡ್ರಿ. ಎಲಿ-ಅಡಕಿ ಚೀಲ, ಮೊಬೈಲು, ಮೂಗು ಒರಸೂ ವಸ್ತ್ರ. ಮುಗೀತು. ಬ್ಯಾಟ್ರಿ ಅಂತ ಇದ್ರ ಈ ಮೊಬೈಲಿನಾಗ ಇದ್ದದ್ದ, ಅದೂ ಹೆಸರಿಗಷ್ಟ ಐತಿ.

ಯಾಕ ನಗ್ತೀರಿ? ಈ ಅಮಸಿದ್ದ ಯಾವತ್ತರ ನಿಮ್ಮ ಮುಂದ ಸುಳ್ಳ ಹೇಳ್ಯಾನೇನು?... ಆ ಕುರಿ ಮಾತ ಬಿಡ್ರಿ. ಅದು ಬ್ಯಾರೆ.

ಶೀತಲ್ ನಿನ್ನೆ ನಮ್ಮ ಡೊಳ್ಳಿನ ಮೇಳಾನೆಲ್ಲ ಬೀರಪ್ಪನ ಗುಡಿ ಕಟ್ಟಿ ಮ್ಯಾಲ ಕುಂದರಿಸಿ ಹೇಳಿದ್ದು ನಂಗ ಬಾಯಿಪಾಠ ಐತ್ರಿ. ನಿಮ್ಮ ಮಗಳು ವಿಮಾನದಾಗ ಅಡ್ಡಾಡಿ ಬಂದಾಕಿ, ಆಕಿ ಮಾತು ತಗದು ಹಾಕಾಕ ಬರಂಗಿಲ್ಲ. ಪವರ್ ಬ್ಯಾಂಕು ಕೆಳಗ ಹೋಗೂ ಸಾಮಾನಿನಾಗ ಇಡಬಾರದು, ಕೈಚೀಲದಾಗ ಇಟ್ಕೋಬೇಕು. ಬಿಡಿ ಬ್ಯಾಟ್ರಿ ಇದ್ರ ತುದಿಗೆ ಟೇಪ್ ಹಚ್ಚಬೇಕು. ಮೇಳದ ಗಿರಮಲ್ಲಪ್ಪ ಆಕಿ ಮಾತ ಕೇಳಿ ಇಡೀ ಟಾರ್ಚಿಗೇ ಟೇಪ್ ಸುತ್ತ್ಯಾನ, ಈಗ ಗುಂಡಿ ಎಲ್ಲೈತಿ ಅಂತ ಅವಂಗ ಸಿಗವಲ್ದು. ಉಬ್ಬಿದ ಬ್ಯಾಟ್ರಿ, ಕೈಲೆ ಜೋಡಿಸಿದ ಬ್ಯಾಟ್ರಿ ಅಂತೂ ತರಲೇಬ್ಯಾಡ್ರಿ ಅಂದ್ಲು. ಮ್ಯಾಲ ಮಂದಿ ನಡುವ ಹೊಗಿ ಬಂದ್ರ ಯಾರರ ನೋಡ್ತಾರ, ಆರಸ್ತಾರ. ಕೆಳಗ ಸಾಮಾನಿನ ಕ್ವಾಣ್ಯಾಗ ಹತ್ತಿಕೊಂಡ್ರ ನೋಡಾಕ ಯಾರದಾರ? ಹಂಗಂದಾಗ ನನ್ನ ಕಡೇನ ನೋಡಿದ್ಲು. ಯಾಕ ನೋಡಿದ್ಲೋ.

ಆ ಡಬ್ಬಿ? ಯಾವ ಡಬ್ಬಿ?... ಓ, ಅದಾ. ಕಬ್ಬಿಗೆ ಔಷಧ ಹೊಡಿಯೂ ಪಂಪಿನ ಹಳೇ ಬ್ಯಾಟ್ರಿ ಬಿಚ್ಚಿ, ಮುಧೋಳದಾಗ ಜೋಡಿಸಿಕೊಂಡು ಬಂದಿದ್ನಲ್ಲ, ಅದು. ಕುರಿ ಹಟ್ಟ್ಯಾಗ ಎಲ್ಲಾರ ಮೊಬೈಲಿಗೂ ಅದ ಜೀವ. ಅದು ಮನ್ಯಾಗೈತಿ. ನನ್ನ ಹೇಣ್ತಿ ಶೇವಂತಿ ಕೈಯಾಗ ಕೊಟ್ಟು ಬಂದೀನಿ. ಬೇಕಾದ್ರ ನಿಮ್ಮ ಸೊಸಿಗೆ ಫೋನ್ ಹಚ್ಚಿ ಕೇಳ್ರಿ... ಬ್ಯಾಡ, ಈಗ ಆಕಿ ಎಮ್ಮಿ ಹಿಂಡಾಕ ಹೋಗಿರ್ತಾಳ. ಹೌದ್ರಿ, ನಡು ಮಧ್ಯಾಹ್ನ. ನಮ್ಮ ಎಮ್ಮಿ ಹಂಗ.

ಅಗೋ, ನಮ್ಮ ಡೊಳ್ಳು ಇನ್ನೂ ಆ ದೊಡ್ಡ ಸಾಮಾನಿನ ಬಾಗಿಲ ಹತ್ರನ ನಿಂತೈತಿ. ಬೆಳಗಲಿಯಿಂದ ಈ ಬೆಳಗಾವಿ ವಿಮಾನ ನಿಲ್ದಾಣತನಕ ತೊಡಿ ಮ್ಯಾಲ ಇಟಗೊಂಡು ಬಂದದ್ದು, ಈಗ ದಿಲ್ಲಿಗೆ ತಾನ ಒಬ್ಬಾತ ಹೋಗಬೇಕು. ಅಲ್ಲಿ ಒಳಗ ಮತ್ತ ಮಷೀನಿನಾಗ ಹಾಯಿಸಿ ನೋಡ್ತಾರೇನ್ರಿ? ಸುಮ್ನ ಕೇಳಿದೆ.

ಕೌಂಟರಿನ ಹುಡುಗಿ ಛಲೋ ಆಕಿ. ಒಳಗ ಏನೈತ್ರಿ ಅಜ್ಜಾರ ಅಂತ ಕೇಳಿದ್ಲು. ನೀವು ಡೊಳ್ಳಿನ ಮ್ಯಾಲ ಕೈಯಿಟ್ಟು, ಗಾಳಿ ಐತವ್ವಾ, ಬೀರಪ್ಪ ಅದಾನ, ಮತ್ತೇನಿಲ್ಲ ಅಂದ್ರಿ. ಆಕಿ ಕೈ ಮುಗದು ಚೀಟಿ ಹಚ್ಚಿದ್ಲು, ಹಾಲಸಿದ್ದಪ್ಪ ಅಂತ ನಿಮ್ಮ ಹೆಸರ ಬರದು. ನಾನೂ ಆವಾಗ ಎರಡೆರಡು ಸಲ ಕೈ ಮುಗದೆ ನೋಡ್ರಿ. ಭಕ್ತಿ ಇರಬೇಕು.

ದನಿ? ದನಿಗೇನಾಗೇತಿ? ನೀವು ಅಲ್ಲಿ ಬಡದು ನೋಡಿದ್ದು ನಾನೂ ಕೇಳೇನಿ... ಸ್ವಲ್ಪ ಮೆತ್ತಗ ಬಂತು, ಇಲ್ಲ ಅನ್ನಂಗಿಲ್ಲ. ಏಸಿ ತಂಪಿಗೆ ತೊಗಲು ಸಡ್ಲ ಆಗಿರಬೇಕು. ನಿನ್ನೆ ಹಗ್ಗ ಬಿಗದಾಂವ ನಾನ. ಬೀರಪ್ಪನ ಅರಿಷಿಣ ಭಂಡಾರ ಹಚ್ಚಿ ಬಿಗದ ಮ್ಯಾಲ ಬಾರಿಸೂ ಜಾಗಾ ಮುಟ್ಟೂತನಕ ಡೊಳ್ಳು ಯಾರೂ ಬಿಚ್ಚಂಗಿಲ್ಲ, ನಿಮ್ಮಪ್ಪನ ಕಾಲದಿಂದ ನಡದು ಬಂದದ್ದು. ಅದಕ್ಕ ಅದರಷ್ಟು ಭದ್ರ ಜಾಗಾ... ಅಂದ್ರ, ಡೊಳ್ಳು ಭದ್ರ ಐತಿ ಅಂತ ಹೇಳಿದೆ.

ಹಂಗ್ಯಾಕ ಡೊಳ್ಳಿನ ಕಡೆ ನೋಡ್ತೀರಿ? ಈ ಕಡೆ ನೋಡ್ರಿ ಕಾಕಾ, ಈ ಮೊಬೈಲಿನ ಕಡೆ.

ಹೋದ ಸಲ ನೀವು ಬೀರಪ್ಪನ ಪದಾ ಹಾಡಿದಾಗ ಅಕ್ಕ ಮಾಯವ್ವ ತೊಟ್ಟಿಲಾ ತೂಗೂತನಕ ಅಷ್ಟ ಈ ಮೊಬೈಲು ತುಂಬಿಕೊಂಡ್ತು. ಆಮ್ಯಾಲ ಸತ್ತಹೋತು. ಮುಂದಿಂದು ಮೇಳದಾಗ ಯಾರಿಗೂ ಪೂರಾ ಬರಂಗಿಲ್ಲ, ನಂಗೂ ಬರಂಗಿಲ್ಲ. ದಿಲ್ಲಿ ಕಾರ್ಯಕ್ರಮ ಆದ ಮ್ಯಾಲ ಇನ್ನ ಹಾಡಂಗಿಲ್ಲ ಅಂತ ನೀವ ಹೇಳೀರಿ. ಅದನ್ನ ಕೇಳಿದ ದಿನದಿಂದ ನಂಗ ರೊಟ್ಟಿ ಇಳಿದಿಲ್ಲ. ಈ ಮೊಬೈಲು ಚಾರ್ಜಿಗೆ ಹಚ್ಚಿದ್ರಷ್ಟ ಜೀವ ಹಿಡಿತೈತಿ. ಸ್ಟೇಜಿನ ಮ್ಯಾಲ ನಮಗ ಕರೆಂಟ್ ಯಾರು ಕೊಡ್ತಾರ? ಅದಕ್ಕ... ಅದಕ್ಕ ಏನೂ ಇಲ್ಲ. ಸುಮ್ನ ಹೇಳಿದೆ.

ಆ ಚೀಲ ಯಾಕ ತಗದ್ರಿ? ಭಂಡಾರ ಈಗ ಯಾಕ್ರಿ, ಇಷ್ಟ ಮಂದ್ಯಾಗ?... ಬ್ಯಾಡ ಕಾಕಾ. ಬೈರಿ, ಬೇಕಾದ್ರ ಎರಡು ಬಡೀರಿ. ಭಂಡಾರ ಮುಟ್ಟಿ ಹೇಳು ಅನಬ್ಯಾಡ್ರಿ.

ನೀವು ಅಂದಿಲ್ಲ, ಖರೆ. ಬರೇ ಚೀಲದ ಬಾಯಿ ತಗದು ಹಿಡದೀರಿ.

ಮುಚ್ರಿ ಕಾಕಾ. ಅಳ್ಳಾಡಬಾರದು ಅಂತ ಆ ಡಬ್ಬಿ ಕಂಬಳಿ ತುಂಡಿನಾಗ ಸುತ್ತಿ ಡೊಳ್ಳಿನೊಳಗ ಇಟ್ಟೀನಿ, ಅದಕ್ಕ ದನಿ ಮೆತ್ತಗಾತು. ಒಂದು ಮಗ್ಗಲಾ ಚೂರು ಉಬ್ಬಿತ್ತು, ಅದೂ ಖರೆ. ಮಷೀನಿನಾಗ ಕಂಡು ಅವರು ತೊಗಲಿಗೆ ಚಾಕು ಹಚ್ಚೂದ್ರೊಳಗ ನಾನ ಹಗ್ಗ ಬಿಚ್ತೀನಿ, ನೀವು ಬಾಜೂಕ ನಿಂದರ್ರಿ. ಪದಾ... ಪದಾ ನಂಗ ವಿಮಾನದಾಗ ಬಾಯಿಲೆ ಹೇಳಿಕೊಡ್ರಿ. ಎಷ್ಟು ಹಿಡಿಸ್ತೈತೋ ಅಷ್ಟು.

ನಡೀರಿ. ಆ ಹುಡುಗಿಗೆ ನಾನ ಹೇಳ್ತೀನಿ. ಗಾಳಿ ಐತವ್ವಾ, ಬೀರಪ್ಪ ಅದಾನ, ಅವರಿಬ್ಬರ ನಡುವ ನಂದೊಂದು ಬ್ಯಾಟ್ರಿ ಐತಿ ಅಂತ.