ವಾಸಿ ಆಗೋ ತನಕ

ಹರಿಹರದ ಮಗಳ ಮನೆಗೆ ಹೊರಟಿದ್ದ ಮರುಳಸಿದ್ದಮ್ಮ ದಾವಣಗೆರೆ ಸ್ಟೇಷನ್ನಿನ ಬೆಂಚಿನ ಮೇಲೆ ಗಾಡಿ ಕಾಯುತ್ತಿದ್ದಳು. ಪಕ್ಕದಲ್ಲೇ ಖಾಕಿ ಚಡ್ಡಿಯ ವಯಸ್ಸಾದ ಪೇದೆ, ಕೈಗೆ ಬೇಡಿ ಬಿದ್ದ ಒಬ್ಬ ತರುಣ, ಅವನ ತಾಯಿ ಕೂತಿದ್ದರು. ಕೇಳಬಾರದು ಅಂದುಕೊಂಡರೂ ತಾಯಿಯ ಮಾತು ಕಿವಿಗೆ ಬಿತ್ತು.

“ಬಣವೆಗೆ ಬೆಂಕಿ ಇಟ್ಟಾನೆ, ಸುಳ್ಳಲ್ಲ. ಜೈಲಿಗೇ ಹಾಕ್ರಿ ಸಾಹೇಬ್ರೆ, ಬೆಂಗ್ಳೂರು ಹುಚ್ಚಾಸ್ಪತ್ರೆ ಬ್ಯಾಡ್ರಿ.”

“ಸತ್ತ ಅಪ್ಪ ಚಳಿ ಚಳಿ ಅಂತಿದ್ದ, ಅದಕ್ಕೇ ಇಟ್ಟೆ ಅಂತ ನಿನ್ ಮಗನೇ ಕೋರ್ಟಿನಾಗೆ ಹೇಳಿದ್ನಲ್ಲವ್ವ,” ಅಂದ ಪೇದೆ. “ ಅಂಥವನಿಗೆ ಜೈಲು ಏನು ಮಾಡ್ತೈತೆ?”

“ಜೈಲಾದ್ರೆ ಆರು ತಿಂಗ್ಳು ಅಂತ ಗಡುವು ಇರ್ತೈತೆ. ದಿನ ಎಣಿಸ್ಕಂತ ಕೂಡ್ತೀನಿ. ಆಸ್ಪತ್ರೆಗೆ ಎಷ್ಟು ದಿನ ಬರದಾರೆ?”

ಪೇದೆ ಕೋರ್ಟಿನ ಕಾಗದ ಬಿಡಿಸಿ ನೋಡಿದ.

“ವಾಸಿ ಆಗೋ ತನಕ.”

“ನೋಡಿದ್ರಾ? ಅದಕ್ಕೆ ಕೊನೆ ಎಲ್ಲೈತೆ?”

ಪೇದೆ ಕಾಗದದ ಮೇಲೆ ಮತ್ತೆ ಬೆರಳಾಡಿಸಿದ.

“ಅವ್ವಾ, ಇದ್ರಾಗೆ ಕೈದಿ ಅಂತಿಲ್ಲ, ರೋಗಿ ಅಂತ ಬರದೈತೆ. ಕೈದಿ ಜತಿಗೆ ಯಾರ್ನೂ ಬಿಡಂಗಿಲ್ಲ. ರೋಗಿ ಜತಿಗೆ ಮನೆಯವ್ರು ಒಬ್ರು ಬರಬೌದು.”

“ನಾನೂ ಬರಬೌದಾ?”

“ಬೇಡಿ ತೆಗಿತೀನಿ. ಕೈ ಮಾತ್ರ ನೀನೇ ಹಿಡ್ಕಬೇಕು, ಬಿಡಂಗಿಲ್ಲ.”

ಬೆಂಗಳೂರಿನ ಗಾಡಿ ಹೊಗೆ ಉಗುಳುತ್ತಾ ಬಂದು ನಿಂತಿತು. ಬೇಡಿ ಇದ್ದ ಜಾಗವನ್ನೇ ತಾಯಿ ಬಿಗಿಯಾಗಿ ಹಿಡಿದುಕೊಂಡಳು. ಮಗ ಡಬ್ಬಿ ಹತ್ತುವಾಗ ಆ ಕೈಯನ್ನೇ ನೋಡಿ ಕೇಳಿದ.

“ಅವ್ವಾ, ನಿನ್ನೂ ಹಿಡದ್ರಾ?”

“ಹೂಂನಪ್ಪ,” ಅಂದಳು ತಾಯಿ. “ವಾಸಿ ಆಗೋ ತನಕ.”