ಹೆಸರು ಬಿಟ್ಟು ಸಾರಿದ ಡಂಗುರ

ಬನ್ನಿ, ಹತ್ತಿರ ಬನ್ನಿ. ಆ ಅಮ್ಮನಿಗೆ ಒಂಚೂರು ಜಾಗ ಬಿಡ್ರಪ್ಪ, ಗೋಡೆಗೆ ಒರಗಿಕೊಳ್ಳಲಿ. ಹೂಂಗುಟ್ಟೋರು ಮುಂದೆ ಕೂತ್ಕೊಳ್ಳಿ, ಆಕಳಿಸೋರು ಆ ಕಡೆ ತಿರುಗಿ ಆಕಳಿಸಿ. ಕಥೆ ಶುರು ಮಾಡ್ತೀನಿ.

ಏಳು ಬೆಟ್ಟ ಹತ್ತಿ ಇಳಿದರೆ ಆಚೆಗೊಂದು ಪಟ್ಟಣ ಇತ್ತಂತೆ. ಅದರ ಹೆಸರು ಕೇಳಬೇಡಿ. ನಮ್ಮಜ್ಜಿ ನನಗೆ ಹೇಳಲಿಲ್ಲ, ನಾನೆಲ್ಲಿಂದ ತರಲಿ? ಆ ಪಟ್ಟಣದಲ್ಲಿ ಬೇಸಿಗೆ ಅಂದ್ರೆ ಅಂಥಿಂಥ ಬೇಸಿಗೆ ಅಲ್ಲ. ಕಲ್ಲುಚಪ್ಪಡಿ ಮೇಲೆ ಕಾಲಿಟ್ಟರೆ ಬೊಬ್ಬೆ ಬರೋದು. ಕಾಗೆ ಕೂಡ ಹಾರೋದು ಬಿಟ್ಟು, ಗೋಡೆ ನೆರಳಲ್ಲಿ ನಡ್ಕೊಂಡು ಹೋಗೋದು.

ಅಂಥ ಬೇಸಿಗೆಗೆ ಆ ಜನ ಮೂರು ಹಬ್ಬ ಮಾಡೋರು. ಮೊದಲು ಮಲ್ಲಿಗೆ ಹಬ್ಬ, ಅದು ಮುಡಿಯೋರಿಗೆ. ಆಮೇಲೆ ಮಾವಿನ ಹಬ್ಬ, ಅದು ತಿನ್ನೋರಿಗೆ. ಕೊನೆಗೆ ಅರವಟ್ಟಿಗೆ ಹಬ್ಬ. ಅದು ಯಾರಿಗೆ? ಬಾಯಾರಿದೋರಿಗೆ, ಅಂದ್ರೆ ಎಲ್ಲರಿಗೂ. ಅವತ್ತು ಬೀದಿಬೀದಿಗೆ ಚಪ್ಪರ ಹಾಕಿ, ಹೊಸ ಮಡಕೆ ಇಟ್ಟು, ದಾರೀಲಿ ಹೋಗೋ ಬರೋರಿಗೆಲ್ಲ ನೀರು, ಮಜ್ಜಿಗೆ, ಬೇಲದ ಹಣ್ಣಿನ ಪಾನಕ ಕೊಡೋರು. ಅವತ್ತು ಇಟ್ಟ ಮಡಕೆ ಮಳೆ ಬೀಳೋವರೆಗೂ ಬೀದೀಲೇ ಇರೋದು. ಸೌದೆ ಹೊರೋರು, ಕುರಿ ಕಾಯೋರು, ಗಾಡಿ ಹೊಡೆಯೋರು ಆ ನೀರಿನ ಮೇಲೇ ಬೇಸಿಗೆ ದಾಟೋರು.

ಆಗ ಪೇಪರಿಲ್ಲ, ಟಿವಿ ಇಲ್ಲ. ಊರಿಗೆಲ್ಲ ಸುದ್ದಿ ಮುಟ್ಟಿಸೋನು ಒಬ್ಬನೇ, ಡಂಗುರದ ದ್ಯಾವಯ್ಯ. ಕೋಟೆ ಬಾಗಿಲಲ್ಲಿ ಒಂದು ಸಲ, ಪೇಟೆ ಚೌಕದಲ್ಲಿ ಒಂದು ಸಲ, ಕೆರೆ ಏರಿ ಮೇಲೆ ಒಂದು ಸಲ ತಮಟೆ ಬಾರಿಸಿ ಸಾರಿಬಿಟ್ಟರೆ ಮುಗೀತು, ಅದೇ ಸತ್ಯ. ಆದರೆ ಕೇಳಿ, ಅವನ ಕಸುಬಿಗೊಂದು ಪದ್ಧತಿ ಇತ್ತು. ಹಬ್ಬದ ಡಂಗುರಕ್ಕೆ ಯಾರು ವೀಳ್ಯ ಕೊಡ್ತಾರೋ ಅವರ ಹೆಸರನ್ನ ಮೊದಲು ಹೇಳಬೇಕು. "ಇಂಥವರು ಹುಟ್ಟುಹಾಕಿದ ಹಬ್ಬ" ಅಂತಲೇ ಸಾರಬೇಕು. ಹಾಗಾಗಿ ಒಂದು ವರ್ಷ ಆ ಹಬ್ಬ ಗಾಣದೋರು ಹುಟ್ಟುಹಾಕಿದ್ದು, ಇನ್ನೊಂದು ವರ್ಷ ಬಳೆಗಾರರು ಹುಟ್ಟುಹಾಕಿದ್ದು. ಜನ ಕೇಳೋರು, ನಗೋರು, ನೀರು ಕುಡಿದು ಹೋಗೋರು. ಈಗಿನ ಸುದ್ದಿಯೋರೂ ಹಾಗೇ ಮಾಡ್ತಾರಾ? ನನಗೇನು ಗೊತ್ತು, ನಾನು ಕಥೆ ಹೇಳೋನು.

ಹೀಗಿರುವಾಗ ಪೇಟೆಯ ದೊಡ್ಡ ಸಾಹುಕಾರರು, ವೀರಣ್ಣಶೆಟ್ರು, ವೀಳ್ಯ ಕೊಡೋಕೆ ಶುರು ಮಾಡಿದ್ರು. ಒಂದು ವರ್ಷ ಕೊಟ್ರು, ಎರಡು ವರ್ಷ ಕೊಟ್ರು, ಮೂರು ವರ್ಷ ಕೊಟ್ರು. ಮೂರು ವರ್ಷ ಒಂದೇ ಹೆಸರು ಸಾರಿದರೆ ಅದು ಖಾಯಂ ಅನ್ನೋದು ಆ ಊರಿನ ಕಟ್ಟಳೆ. ನಾಲ್ಕನೇ ವರ್ಷ ಶೆಟ್ರು ದ್ಯಾವಯ್ಯನ್ನ ಕರೆಸಿದ್ರು. ಹಬ್ಬ ಈಗ ನನ್ನದು, ಇನ್ಮೇಲೆ ನಮ್ಮ ಮನೆ ಅಂಗಳದಲ್ಲೇ ನಡೆಯುತ್ತೆ, ಕರೆದೋರಿಗೆ ಮಾತ್ರ ಪಾನಕ ಅಂದ್ರು. ಬೀದೀಲಿ ಕಂಡಕಂಡೋರು ಬಾಯಿಟ್ಟು ಕುಡಿಯೋ ಮಡಕೆ ಒಂದೂ ಇರಕೂಡದು, ಹಾಗಂತ ಸಾರು ಅಂದ್ರು. ಅಂದು, ವೀಳ್ಯ ಮುಂದೆ ಹಿಡಿದ್ರು.

ದ್ಯಾವಯ್ಯ ಏನು ಮಾಡಿದ? ತಗೊಂಡ. ಯಾವತ್ತೂ ತಗೊಂಡೋನು, ಅವತ್ತೂ ತಗೊಂಡ.

ತಗೊಂಡು ಹೊರಟ. ನೆತ್ತಿ ಮೇಲೆ ಸೂರ್ಯ. ಕುಂಬಾರಗೇರಿ ಮುಟ್ಟೋ ಹೊತ್ತಿಗೆ ಕಣ್ಣು ಕತ್ತಲೆ ಬಂತು, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ತು. ತಮಟೆ ಒಂದು ಕಡೆ, ಇವನೊಂದು ಕಡೆ ಬಿದ್ದ.

ಕಣ್ಣು ಬಿಟ್ಟರೆ ಹೊಂಗೆ ಮರದ ನೆರಳು. ತಲೆ ಮೇಲೆ ಒದ್ದೆ ಬಟ್ಟೆ. ಪಕ್ಕದಲ್ಲಿ ಕುಂಬಾರರ ಮುದುಕಿ ಸಣ್ಣತಾಯಮ್ಮ, ಕೈಯಲ್ಲಿ ನೀರಿನ ಕುಡಿಕೆ. ಒಂದು ಗುಟುಕು ಕುಡಿಸಿದಳು, ನಿಲ್ಲಿಸಿದಳು. ಇನ್ನೊಂದು ಗುಟುಕು ಕುಡಿಸಿದಳು, ನಿಲ್ಲಿಸಿದಳು. ಮೂರನೇದಕ್ಕೆ ಕುಡಿಕೇನೇ ಕೈಗೆ ಕೊಟ್ಟಳು. ದ್ಯಾವಯ್ಯ ಸುತ್ತ ನೋಡ್ತಾನೆ, ಹೊಸದಾಗಿ ಸುಟ್ಟ ಮಡಕೆಗಳು ಸಾಲಾಗಿ ಕೂತಿವೆ, ಹಬ್ಬಕ್ಕೆ ಅಂತ ಬೀದಿಬೀದಿಗೆ ಹೊರಡೋಕೆ ತಯಾರಾಗಿ. ಆಗ ಅವನಿಗೆ ನೆನಪಾಯ್ತು. ಇಡೀ ಪಟ್ಟಣದಲ್ಲಿ ಮೊದಲ ಮಡಕೆ ಇಟ್ಟೋಳು ಇವಳೇ, ಇದೇ ಮರದ ಕೆಳಗೆ. ತಾನು ಊರೋರ ಹೆಸರನ್ನೆಲ್ಲ ಸಾರಿದ್ದ, ಇವಳ ಹೆಸರನ್ನ ಒಂದು ಸಲವೂ ಸಾರಿರಲಿಲ್ಲ. ನಾಚಿಕೆಯಿಂದ ಕುಡಿಕೇನ ಕೆಳಗಿಟ್ಟ.

ಶೆಟ್ರು ಹೇಳಿದ್ದನ್ನೆಲ್ಲ ಅವಳ ಮುಂದೆ ಹೇಳ್ಕೊಂಡ. ಸೊಂಟದಿಂದ ವೀಳ್ಯ ತೆಗೆದ.

"ಅವ್ವ, ಇದನ್ನ ನಿನ್ನ ಕೈಗೆ ಇಡ್ತೀನಿ, ತಿರುಗಿ ನೀನೇ ನನಗೆ ಕೊಡು. ನಿನ್ನ ಹೆಸರು ಸಾರ್ತೀನಿ. ಮಡಕೆ ಬೀದೀಲೇ ಉಳಿಯುತ್ತೆ."

ಮುದುಕಿ ತಲೆ ಅಲ್ಲಾಡಿಸಿದಳು. "ನಾನು ಹುಟ್ಟುಹಾಕಿದ್ದಲ್ಲ ಕಣಪ್ಪ. ನಾನು ಈ ಊರಿಗೆ ಸೊಸೆಯಾಗಿ ಬಂದ ದಿನ ದಾರೀಲಿ ಹೀಗೇ ಬಿದ್ದಿದ್ದೆ. ಸೌದೆ ಹೊತ್ತು ಬರ್ತಿದ್ದ ಒಬ್ಬಳು ಹೊರೆ ಇಳಿಸಿ, ತನ್ನ ಸೋರೆಬುರುಡೇಲಿದ್ದ ಅಷ್ಟೂ ನೀರು ನನಗೆ ಕುಡಿಸಿ ಹೋದಳು. ಹೆಸರು ಕೇಳೋಷ್ಟು ಜ್ಞಾನ ನನಗಿರಲಿಲ್ಲ. ಅವಳ ಋಣ ತೀರಿಸೋಕೆ ಒಂದು ಮಡಕೆ ಇಟ್ಟೆ. ಸಾರೋದಾದ್ರೆ ಅವಳ ಹೆಸರು ಸಾರು."

ಗೊತ್ತಿಲ್ಲದ ಹೆಸರನ್ನ ಹೇಗೆ ಸಾರೋದು? ನೀವಾದ್ರೆ ಏನು ಮಾಡ್ತಿದ್ರಿ? ದ್ಯಾವಯ್ಯ ಕೋಟೆ ಬಾಗಿಲವರೆಗೂ ಅದನ್ನೇ ಯೋಚಿಸ್ತಾ ಹೋದ. ಹೋಗಿ ತಮಟೆ ಬಾರಿಸಿದ.

"ಕೇಳ್ರಪ್ಪೋ ಕೇಳ್ರಿ! ನಾಳಿದ್ದು ಅರವಟ್ಟಿಗೆ ಹಬ್ಬ. ಬೀದಿಬೀದಿಗೂ ಮಡಕೆ. ಈ ಹಬ್ಬ ಹುಟ್ಟುಹಾಕಿದವರು..."

ಅಷ್ಟು ಹೇಳಿ ನಿಲ್ಲಿಸಿಬಿಟ್ಟ. ಕಾವಲಿನೋನು ಏನಯ್ಯ ಮರೆತೋಯ್ತಾ ಅಂದ. ದ್ಯಾವಯ್ಯ, ಮರೆತಿಲ್ಲ, ನೀನು ಸಾಯೋ ಬಿಸಿಲಲ್ಲಿ ಯಾರ ಕೈಯ ನೀರು ಕುಡಿದೆಯೋ ಅವರ ಹೆಸರು ಹೇಳು ಅಂದ. ಕಾವಲಿನೋನು ಕೈಲಿದ್ದ ಕೋಲನ್ನ ಗೋಡೆಗೆ ಒರಗಿಸಿದ. ಆಮೇಲೆ ಮೆಲ್ಲಗೆ ತನ್ನ ಸೋದರತ್ತೆ ಹೆಸರು ಹೇಳಿದ.

ಪೇಟೆ ಚೌಕದಲ್ಲೂ ಹಾಗೇ ನಿಲ್ಲಿಸಿದ. ಅಲ್ಲಿ ಹತ್ತು ಬಾಯಿ ಹೆಸರು ಹೇಳಿದವು. ಅದರಲ್ಲಿ ಆರು ಸಲ ಸಣ್ಣತಾಯಮ್ಮನ ಹೆಸರೇ ಬಂತು.

ಇನ್ನು ಕೆರೆ ಏರಿ. ಏರಿಗೆ ಎದುರೇ ಶೆಟ್ರ ಮನೆ. ದ್ಯಾವಯ್ಯ ಅಲ್ಲೂ ಬಾರಿಸಿದ, ಸಾರಿದ, ನಿಲ್ಲಿಸಿದ. ಶೆಟ್ರು ದುಡುದುಡು ಹೊರಗೆ ಬಂದ್ರು. ನನ್ನ ವೀಳ್ಯ ತಿಂದು ನನ್ನ ಹೆಸರೇ ನುಂಗಿದ್ಯಾ, ನಾಳೆಯಿಂದ ತಮಟೆ ಮುಟ್ಟಬೇಡ ಅಂದ್ರು. ದ್ಯಾವಯ್ಯ ತಿನ್ನದ ವೀಳ್ಯಾನ ಜಗಲಿ ಮೇಲಿಟ್ಟು ಕೈಮುಗಿದು ನಿಂತ. ಏರಿ ಮೇಲೆ ಜನ ಸೇರಿತ್ತು. ಯಾರೂ ಬಾಯಿ ಬಿಡಲಿಲ್ಲ, ಶೆಟ್ರ ಭಯ.

ಆಗ ಜಗಲಿ ಮೂಲೇಲಿ ಬತ್ತಿ ಹೊಸೀತಾ ಕೂತಿದ್ದ ಶೆಟ್ರ ತಾಯಿ, ಶಿವನಂಜಮ್ಮ, ಬಾಯಿ ಬಿಟ್ಟರು.

"ಕುಂಬಾರಗೇರಿ ಸಣ್ಣತಾಯಿ," ಅಂದ್ರು. "ವೀರಣ್ಣ, ನೀನು ಹೊಟ್ಟೇಲಿದ್ದಾಗ ತವರಿಂದ ಬಿಸಿಲಲ್ಲಿ ನಡ್ಕೊಂಡು ಬಂದು ಆ ಹೊಂಗೆ ಮರದ ಹತ್ತಿರ ಕುಸಿದೆ. ಅವಳು ನೀರು ಕುಡಿಸದೆ ಹೋಗಿದ್ರೆ ನಾನೂ ಇಲ್ಲ, ನೀನೂ ಇಲ್ಲ. ನೀನು ಭೂಮಿಗೆ ಬೀಳೋ ಮೊದಲೇ ಕುಡಿದ ನೀರು ಮಗಾ ಅದು. ಬೀದಿ ಮಡಕೇದು."

ಶೆಟ್ರು ನಿಂತಲ್ಲೇ ನಿಂತ್ರು. ಅಮ್ಮನ ಮುಖ ನೋಡಿದ್ರು, ಜನರ ಮುಖ ನೋಡಿದ್ರು, ಕೊನೆಗೆ ತಲೆ ಮೇಲಿದ್ದ ಪೇಟ ತೆಗೆದು ಕಂಕುಳಲ್ಲಿ ಇಟ್ಕೊಂಡ್ರು. ದ್ಯಾವಯ್ಯನಿಗೆ ಇಷ್ಟೇ ಅಂದ್ರು: "ಮುಂದಕ್ಕೂ ಹೀಗೇ ಸಾರು." ಹಬ್ಬದ ದಿನ ಅವರ ಮನೆ ಬಾಗಿಲಾಚೆ, ಬೀದೀಲಿ, ಒಂದು ದೊಡ್ಡ ಮಡಕೆ ಬಂತು. ಶೆಟ್ರೇ ನಿಂತು ಬಗ್ಗಿ ಬಗ್ಗಿ ನೀರು ಕೊಟ್ರಂತೆ. ಮೊದಲ ಕುಡಿಕೆ ಹಿಡಿದೋಳು ಒಬ್ಬ ಸೌದೆ ಹೊರೋಳು. ಶೆಟ್ರು ಅವಳ ಹೆಸರು ಕೇಳಿ ತಿಳ್ಕೊಂಡ್ರಂತೆ.

ಅವತ್ತಿಂದ ಆ ಪಟ್ಟಣದಲ್ಲಿ ಬೇಸಿಗೆ ಹಬ್ಬದ ಡಂಗುರ ಅರ್ಧಕ್ಕೇ ನಿಲ್ಲುತ್ತೆ. ಉಳಿದರ್ಧ ಜನ ಹೇಳ್ತಾರೆ.

ಅವರ ಬಾಯಾರಿಕೆ ಅಲ್ಲಿ ತೀರ್ತು, ನನ್ನ ಕಥೆ ಇಲ್ಲಿ ತೀರ್ತು. ಎದ್ದು ಹೋಗೋ ಮೊದಲು ಒಂದು ಗಳಿಗೆ ಕೂತಿರಿ. ನಾನು ಸುಮ್ಮನಾಗ್ತೀನಿ. ನಿಮಗೆ ನೀರು ಕೊಟ್ಟೋರ ಹೆಸರನ್ನ ನೀವೇ ಹೇಳಿ.