ಗೋಡೆಯಲ್ಲಿ ಹಿಡಿಯದ ಮಾತು

ಆಸ್ಪತ್ರೆಯ ಮೂಳೆ ವಿಭಾಗದ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಬೋರ್ಡ್ ಪೇಂಟರ್ ಮತ್ತು ಅವನ ಅತ್ತಿಗೆ ಕೂತಿದ್ದರು. ಏಣಿಯಿಂದ ಬಿದ್ದಿದ್ದ ಅವನ ಬಲಗೈ ಬೆರಳುಗಳು ಮಡಚುತ್ತಿರಲಿಲ್ಲ. ಅತ್ತಿಗೆ ಬುತ್ತಿ ಬಿಚ್ಚಿದರು.

“ಬೆಳಿಗ್ಗೆಯೂ ತಟ್ಟೆ ಬಿಟ್ಟು ಎದ್ದೆಯಲ್ಲೋ. ಈಗಾದ್ರೂ ತಿನ್ನು.”

“ಅಣ್ಣ ಗೋಡೆ ಮೇಲಿನ ಬರಹದ ಕಡೆ ಕೈ ತೋರಿಸಿದ್ಮೇಲೆ ತುತ್ತು ಇಳಿಯುತ್ತಾ?”

“ಅವರಿಗೇನು, ಬಾಯಿ ತೆಗೆದ್ರೆ ಬೈಬಲ್ಲು. ‘ಕೆಲಸ ಮಾಡದವನು ಊಟ ಮಾಡಬಾರದು.’”

“ನಿನ್ನೆ ಇರುವೆ ನೋಡಿ ಕಲಿ ಅಂದ. ಇರುವೆಗೆ ಆರು ಕಾಲು, ಒಂದು ಮುರಿದ್ರೂ ನಡೆಯುತ್ತೆ. ಆದ್ರೆ ಗೋಡೆ ಮೇಲಿರೋದು ಬೈಬಲ್ಲಲ್ಲಿ ಹಾಗಿಲ್ಲ ಅತ್ತಿಗೆ. ‘ಕೆಲಸ ಮಾಡಲೊಲ್ಲದವನು’ ಅಂತಿದೆ. ಮೈಗಳ್ಳನಿಗೆ ಹೇಳಿದ್ದು, ಕೈ ಮುರಿದವನಿಗಲ್ಲ.”

“ಮತ್ತೆ ಊಟದ ಮನೇಲಿ ಹಾಗ್ಯಾಕಿದೆ? ಬರೆದವನು ನೀನೇ ತಾನೆ?”

“ನಾನೇ. ಕಿಟಕಿ ಅಡ್ಡ ಬಂದು ಜಾಗ ಸಾಲಲಿಲ್ಲ. ‘ಒಲ್ಲದ’ ಅನ್ನೋದು ಬಿಟ್ಟುಬಿಡು, ಅರ್ಥ ಒಂದೇ ಅಂದ ಅಣ್ಣ. ನನಗೂ ಆಗ ಒಂದೇ ಅನಿಸ್ತು. ಕೈ ಚೆನ್ನಾಗಿತ್ತಲ್ಲ.”

“ನಿನ್ನ ಗುಂಡಿ ನೀನೇ ತೋಡ್ಕೊಂಡೆ ಅನ್ನು.”

“ಅಂದವಾಗೇ ತೋಡಿದೀನಿ. ಅಕ್ಷರಕ್ಕೆ ನೆರಳು ಬೇರೆ ಕೊಟ್ಟಿದೀನಿ.”

“ಕೈ ಸರಿಹೋಗ್ಲಿ, ಆ ‘ಒಲ್ಲದ’ ಅನ್ನೋ ಮಾತು ಸೇರಿಸಿ ತಿದ್ದಿ ಬರಿ.”

“ತಿದ್ದೋಕೆ ಕೈ ಬಂದ್ರೆ, ಅತ್ತಿಗೆ, ಆ ಮಾತು ನನಗೆ ಬೇಕಾಗೋದೇ ಇಲ್ಲ.”

ನರ್ಸ್ ಕರೆದಳು. ಅವನು ಮುಟ್ಟದ ಬುತ್ತಿಗೆ ಅತ್ತಿಗೆ ಮುಚ್ಚಳ ಹಾಕಿದರು. ಇಬ್ಬರೂ ಒಳಗೆ ಹೋದರು.